ಹುಲ್ಲು ಹೊರುವವರು ಯಾರು?

ದಿಲ್ಲಿಯಲ್ಲಿರುವ ನಮಗೆ ಅಕ್ಟೋಬರ್ ಕೊನೆಯ ವಾರ ಬಂತೆಂದರೆ ಗಂಟಲು ಕೆರೆತದ ಜೊತೆಗೆ ಒಂದು ಪ್ರಶ್ನೆಯೂ ಬರುತ್ತದೆ. ಪಂಜಾಬಿನ ರೈತರು ಭತ್ತದ ಹುಲ್ಲನ್ನು ಗದ್ದೆಯಲ್ಲೇ ಸುಡುವ ಬದಲು ಅದರಿಂದ ಕರೆಂಟ್ ಮಾಡಬಾರದೇ? ಆಫೀಸಿನಲ್ಲಿ ಪ್ರತಿವರ್ಷ ಯಾರಾದರೊಬ್ಬರು ಇದನ್ನು ಆಗ ತಾನೇ ಹೊಳೆದ ಉಪಾಯದಂತೆ ಹೇಳುತ್ತಾರೆ. ಆದರೆ ಈ ಉಪಾಯಕ್ಕೆ ಮೂವತ್ತು ವರ್ಷ ದಾಟಿದೆ. ಅದರ ಕಥೆ ಗೊತ್ತಿದ್ದರೆ ರೈತನನ್ನು ಬೈಯುವ ಮೊದಲು ನಾವು ಸ್ವಲ್ಪ ಯೋಚಿಸುತ್ತೇವೆ ಎನ್ನುವುದು ನನ್ನ ನಂಬಿಕೆ.

1992ರಲ್ಲೇ ಪಂಜಾಬಿನ ವಿದ್ಯುತ್ ಮಂಡಳಿ ಫತೇಗಢ ಸಾಹಿಬ್ ಜಿಲ್ಲೆಯ ಜಲಖೇಡಿ ಎಂಬ ಹಳ್ಳಿಯಲ್ಲಿ 10 ಮೆಗಾವಾಟ್‌ನ ಸ್ಥಾವರ ಕಟ್ಟಿಸಿತು. ಕಲ್ಲಿದ್ದಲ ಬದಲು ಭತ್ತದ ಹುಲ್ಲು ಉರಿಸಿ, ಉಗಿಯಿಂದ ಟರ್ಬೈನ್ ತಿರುಗಿಸುವುದು ಉದ್ದೇಶ. ಲೆಕ್ಕ ಸರಿಯಾಗಿಯೇ ಇತ್ತು. ಒಂದು ಯೂನಿಟ್ ಕರೆಂಟಿಗೆ ಒಂದು ಕೆ.ಜಿ.ಗಿಂತ ತುಸು ಹೆಚ್ಚು ಹುಲ್ಲು ಸಾಕು, ಪಂಜಾಬಿನಲ್ಲೋ ವರ್ಷಕ್ಕೆ ಸುಮಾರು 2 ಕೋಟಿ ಟನ್ ಹುಲ್ಲು ಬೀಳುತ್ತದೆ. ಆದರೂ ಆ ಸ್ಥಾವರ 2007ರಲ್ಲಿ ನಿಂತುಹೋಯಿತು.

ಅದೇ 2007ರಲ್ಲಿ ಬಿಹಾರದ ಪಶ್ಚಿಮ ಚಂಪಾರಣ್ ಜಿಲ್ಲೆಯ ತಮ್ಕುಹಾ ಹಳ್ಳಿಯಲ್ಲಿ ಬೇರೊಂದು ಪ್ರಯತ್ನ ಶುರುವಾಯಿತು. ಹಸ್ಕ್ ಪವರ್ ಸಿಸ್ಟಮ್ಸ್ ಕಟ್ಟಿದ ಜ್ಞಾನೇಶ್ ಪಾಂಡೆ ಮತ್ತು ಅವರ ಗೆಳೆಯರು ಅಲ್ಲಿ ಬತ್ತದ ಹೊಟ್ಟಿನಿಂದ ದೀಪ ಹಚ್ಚಿದರು. ಹೊಟ್ಟನ್ನು ಗಾಳಿ ಕಡಿಮೆ ಕೊಟ್ಟು ಉರಿಸಿದರೆ ಉರಿಯಬಲ್ಲ ಅನಿಲ ಹುಟ್ಟುತ್ತದೆ. ಅದನ್ನು ಸೋಸಿ ಎಂಜಿನ್ನಿಗೆ ಕೊಡುತ್ತಾರೆ. ಮೂವತ್ತು ಚಿಲ್ಲರೆ ಕಿಲೋವಾಟ್‌ನ ಪುಟ್ಟ ಯಂತ್ರ. ಅಲ್ಲಿಂದ ಬಿದಿರಿನ ಕಂಬಗಳ ಮೇಲೆ ತಂತಿ ಎಳೆದು, ಸಂಜೆ ಹೊತ್ತು ಮನೆಗಳಿಗೆ ಎರಡು ಬಲ್ಬು, ಮೊಬೈಲ್ ಚಾರ್ಜಿಗೆ ಸಾಕಾಗುವಷ್ಟು ಕರೆಂಟ್. ಸೀಮೆಎಣ್ಣೆ ದೀಪವೇ ಗತಿಯಾಗಿದ್ದ ಊರುಗಳಿಗೆ ಅದು ಸಣ್ಣ ಮಾತಲ್ಲ. ಈ ಮಾದರಿ ಬಿಹಾರದ ಬೇರೆ ಹಳ್ಳಿಗಳಿಗೂ ಹಬ್ಬಿತು.

10 ಮೆಗಾವಾಟ್ ನಿಂತ ವರ್ಷವೇ 30 ಕಿಲೋವಾಟ್ ನಡೆದದ್ದು ಹೇಗೆ? ಕಾರಣ ಯಂತ್ರದಲ್ಲಷ್ಟೇ ಇಲ್ಲ. ಇಂಧನ ಎಲ್ಲಿ ಬಿದ್ದಿದೆ ಎಂಬುದರಲ್ಲಿದೆ. ಭತ್ತದ ತೂಕದಲ್ಲಿ ಸುಮಾರು ಐದನೇ ಒಂದು ಪಾಲು ಹೊಟ್ಟು. ರೈತ ಅಕ್ಕಿಗಾಗಿ ಭತ್ತವನ್ನು ಮಿಲ್ಲಿಗೆ ಒಯ್ದಾಗ ಹೊಟ್ಟೂ ಅದರ ಬೆನ್ನಿಗೇ ಹೋಗಿ ಮಿಲ್ಲಿನ ಹಿತ್ತಲಲ್ಲಿ ಗುಡ್ಡೆ ಬೀಳುತ್ತದೆ. ಸಾಗಿಸುವ ಖರ್ಚನ್ನು ಅಕ್ಕಿಯೇ ಕೊಟ್ಟಾಗಿರುತ್ತದೆ. ನಮ್ಮ ಮಂಡ್ಯ, ಬೆಳಗಾವಿಯ ಸಕ್ಕರೆ ಕಾರ್ಖಾನೆಗಳ ಕಥೆಯೂ ಇದೇ. ಕಬ್ಬಿನ ತೂಕದ ಶೇ 30ರಷ್ಟು ಸಿಪ್ಪೆ ಕಾರ್ಖಾನೆಯೊಳಗೇ ಉಳಿಯುವುದರಿಂದ, ಅದನ್ನು ಉರಿಸಿ ಕರೆಂಟ್ ಮಾರುವುದು ಲಾಭದ ವ್ಯವಹಾರವಾಯಿತು. ಆದರೆ ಅದೇ ಕಬ್ಬಿನ ರವದಿ ಗದ್ದೆಯಲ್ಲೇ ಉಳಿಯುತ್ತದೆ. ಅದಕ್ಕೆ ಬೆಂಕಿ ಇಡುವುದನ್ನು ಊರಿನ ಕಡೆ ಎಲ್ಲರೂ ನೋಡಿದ್ದೇವೆ.

ಪಂಜಾಬಿನ ಹುಲ್ಲಿನದೂ ರವದಿಯ ಪಾಡೇ. ಕಂಬೈನ್ ಯಂತ್ರ ತೆನೆ ಕೊಯ್ದು ಹುಲ್ಲನ್ನು ಗದ್ದೆ ತುಂಬ ಚೆಲ್ಲಿ ಹೋಗುತ್ತದೆ. ನಮ್ಮಲ್ಲಿ ಹುಲ್ಲನ್ನು ಬಣವೆ ಒಟ್ಟಿ ದನಕ್ಕೆ ಹಾಕುತ್ತಾರೆ, ಅಲ್ಲಿ ದನಕ್ಕೆ ಗೋಧಿಯ ಹೊಟ್ಟೇ ಸಾಕು. ಸಿಲಿಕಾ ಹೆಚ್ಚಿರುವ ಭತ್ತದ ಹುಲ್ಲನ್ನು ಕೇಳುವವರು ಕಡಿಮೆ. ಅಂತರ್ಜಲ ಉಳಿಸಲು 2009ರಲ್ಲಿ ಬಂದ ಕಾಯ್ದೆ ಜೂನ್ 10ಕ್ಕೆ ಮೊದಲು ನಾಟಿ ಮಾಡಬಾರದೆಂದಿತು. ನಾಟಿ ತಡವಾದಷ್ಟು ಕೊಯ್ಲೂ ತಡ. ಗೋಧಿ ಬಿತ್ತಲು ಉಳಿಯುವುದು ಎರಡು ಮೂರು ವಾರ. ನೀರು ಉಳಿಸುವ ಒಳ್ಳೆಯ ಕಾನೂನೇ ರೈತನ ಕೈಗೆ ಬೆಂಕಿಕಡ್ಡಿ ಕೊಟ್ಟಂತಾಯಿತು.

ಬಾಯ್ಲರಿಗೂ ಈ ಹುಲ್ಲು ಸುಲಭದ ತುತ್ತಲ್ಲ. ಅದರ ಬೂದಿಯಲ್ಲಿರುವ ಪೊಟ್ಯಾಸಿಯಂ ಕಾವಿಗೆ ಸಿಲಿಕಾದೊಡನೆ ಕರಗಿ, ಕೊಳವೆಗಳಿಗೆ ಗಾಜಿನಂತೆ ಅಂಟಿಕೊಳ್ಳುತ್ತದೆ. ಆದರೆ ಇದಕ್ಕೆ ಪರಿಹಾರ ಇದೆ. ಜಲಖೇಡಿಯ ಸ್ಥಾವರ ಹದಿನೇಳು ವರ್ಷದ ಬಳಿಕ, 2024ರಲ್ಲಿ, ಡೆನ್ಮಾರ್ಕಿನ ತಂತ್ರಜ್ಞಾನದೊಂದಿಗೆ ಮತ್ತೆ ಶುರುವಾಗಿದೆ. ಅದಕ್ಕೆ ವರ್ಷಕ್ಕೆ ಬೇಕಾದ ಹುಲ್ಲು ಸುಮಾರು 1 ಲಕ್ಷ ಟನ್. ಒಂದು ಟ್ರ್ಯಾಕ್ಟರ್ ಟ್ರಾಲಿಗೆ 5 ಟನ್ ಎಂದು ಹಿಡಿದರೂ 20 ಸಾವಿರ ಟ್ರಿಪ್. ಅಷ್ಟನ್ನೂ ಕೊಯ್ಲಿನ ಆ ಕೆಲವೇ ವಾರಗಳಲ್ಲಿ ಕಟ್ಟಿ, ಹೊತ್ತು, ಮುಂದಿನ ಕೊಯ್ಲಿನವರೆಗೆ ಮಳೆ ಮತ್ತು ಕಿಡಿಯಿಂದ ಕಾಯಬೇಕು.

ತ್ಯಾಜ್ಯ ಎಂದರೆ ಪುಕ್ಕಟೆ ಇಂಧನ ಎಂದು ನಗರದಲ್ಲಿ ಕುಳಿತವರಿಗೆ ಅನ್ನಿಸುತ್ತದೆ. ಈ ಮೂವತ್ತು ವರ್ಷಗಳ ಇತಿಹಾಸ ಹೇಳುವುದು ಬೇರೆ. ಹುಲ್ಲಿನ ಬೆಲೆಯೆಂದರೆ ಅದನ್ನು ಬೇಲ್ ಕಟ್ಟುವವನ ಕೂಲಿ, ಟ್ರ್ಯಾಕ್ಟರಿನ ಡೀಸೆಲ್, ಗೋದಾಮಿನ ಬಾಡಿಗೆ. ಇದನ್ನು ಯಾರೂ ಕೊಡದಿದ್ದಾಗ ರೈತ ಬೆಂಕಿ ಇಡುತ್ತಾನೆ. ದಂಡ ಹಾಕಿದರೆ ಆ ಖರ್ಚು ಅವನ ತಲೆಯ ಮೇಲೆ ಬೀಳುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ನಮ್ಮ ತುಂಗಭದ್ರಾ ಬಯಲಿಗೂ, ಸಿಂಧನೂರು, ಗಂಗಾವತಿಯ ಗದ್ದೆಗಳಿಗೂ ಕಂಬೈನ್ ಬಂದು ಬಹಳ ಕಾಲವಾಯಿತು. ಅಲ್ಲಿ ಹುಲ್ಲಿನ ಸ್ಥಾವರ ಕಟ್ಟುವ ಮಾತು ಬಂದಾಗ, ಎಷ್ಟು ಮೆಗಾವಾಟ್ ಎಂದು ಕೇಳುವ ಮೊದಲು ಹುಲ್ಲು ಹೊರುವವನಿಗೆ ಟನ್ನಿಗೆ ಎಷ್ಟು ಕೊಡುತ್ತೀರಿ ಎಂದು ಕೇಳಬೇಕು.