ಕಿತ್ತ ಕಾಯಿಯ ಸ್ವಂತ ಕಾವಲು

ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆ ಭತ್ತ, ಕಬ್ಬು, ತೆಂಗಿನ ಸೀಮೆ. ಭತ್ತ ಬೆಳೆಯುವ ಇಂಥ ಊರುಗಳಲ್ಲಿ ಮಾವಿನಕಾಯಿಯನ್ನು ಹುಲ್ಲಿನಲ್ಲಿ ಮುಚ್ಚಿಟ್ಟು ಹಣ್ಣು ಮಾಡುವುದು ಹಳೆಯ ರೂಢಿ. ಹುಲ್ಲು ಸರಿಸಿದಾಗ ಕೆಲವು ಹಣ್ಣುಗಳ ಮೇಲೆ ಕರಿಯ ಚುಕ್ಕೆಗಳಿರುತ್ತವೆ. ಅವು ಹರಡಿ ಹಣ್ಣು ಕೊಳೆತರೆ, ವರ್ಷವಿಡೀ ಕಾದ ಫಸಲು ಸಂತೆಗೆ ಹೋಗುವ ಬದಲು ತಿಪ್ಪೆಗೆ ಹೋಗುತ್ತದೆ.

ತಪ್ಪು ಹುಲ್ಲಿನದಲ್ಲ. ಚಿಬ್ಬು ರೋಗದ ಶಿಲೀಂಧ್ರ ತೋಟದಲ್ಲೇ, ಎಳೆಗಾಯಿಯ ಸಿಪ್ಪೆಯೊಳಗೆ ಸೇರಿ ಸುಮ್ಮನೆ ಕುಳಿತಿರುತ್ತದೆ. ಆಗಲೇ ಅದೇಕೆ ಬೆಳೆಯುವುದಿಲ್ಲ? ಮಾವಿನ ಮತ್ತೊಂದು ಶಿಲೀಂಧ್ರವಾದ ಆಲ್ಟರ್ನೇರಿಯವನ್ನು ಅಭ್ಯಸಿಸಿದ ಇಸ್ರೇಲಿನ ಡ್ರೋಬಿ, ಪ್ರಸ್ಕಿ ಮತ್ತು ಸಂಗಡಿಗರು 1986ರಲ್ಲಿ ಉತ್ತರ ನೀಡಿದರು. ಕಾಯಿಯ ಸಿಪ್ಪೆಯಲ್ಲಿ ಶಿಲೀಂಧ್ರವನ್ನು ತಡೆಯುವ ರೆಸಾರ್ಸಿನಾಲ್ ವರ್ಗದ ವಸ್ತುಗಳಿವೆ; ಹಣ್ಣಾಗುತ್ತಿದ್ದಂತೆ ಅವು ಕಡಿಮೆಯಾಗುತ್ತವೆ. ಕಾವಲು ಸಡಿಲವಾದಾಗ ಶತ್ರು ಎಚ್ಚರಗೊಳ್ಳುತ್ತದೆ.

ಸಸ್ಯಗಳಿಗೆ ಸ್ವಂತ ಪ್ರತಿರೋಧವಿದೆಯೆಂಬ ವಿಚಾರ ಇದಕ್ಕಿಂತ ಹಳೆಯದು. 1940ರಲ್ಲಿ ಜರ್ಮನಿಯ ಮುಲ್ಲರ್ ಮತ್ತು ಬೋರ್ಗರ್, ಸೋಂಕು ತಗುಲಿದ ಆಲೂಗಡ್ಡೆ ತಾನೇ ರಕ್ಷಕ ವಸ್ತು ತಯಾರಿಸುತ್ತದೆ ಎಂದು ಪ್ರತಿಪಾದಿಸಿ ಅದನ್ನು ಫೈಟೊಅಲೆಕ್ಸಿನ್ ಎಂದು ಕರೆದರು. 1961ರಲ್ಲಿ ಅಮೆರಿಕದ ರಾಸ್, ತಂಬಾಕಿನ ಒಂದೆಲೆಗೆ ವೈರಸ್ ತಗುಲಿದರೆ ಉಳಿದ ಎಲೆಗಳೂ ಗಟ್ಟಿಯಾಗುವುದನ್ನು ತೋರಿಸಿದರು.

ಕಿತ್ತ ಹಣ್ಣೂ ಉಸಿರಾಡುವ ಜೀವ. ಹಾಗಾದರೆ ಅದನ್ನೂ ಎಚ್ಚರಿಸಬಹುದಲ್ಲವೇ? ಅಮೆರಿಕದಲ್ಲಿ ವಿಲ್ಸನ್, ಸ್ಟೀವನ್ಸ್ ಮೊದಲಾದವರು ಅಲ್ಪ ಪ್ರಮಾಣದ ಅತಿನೇರಳೆ ಕಿರಣ ಹಾಯಿಸಿ ಪರೀಕ್ಷಿಸಿದರು. ಕೆನಡಾದ ಲವಾಲ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದ ಆರಂಭದಲ್ಲಿ, ಸಿಗಡಿ ಚಿಪ್ಪಿನಂಥವುಗಳಿಂದ ತೆಗೆಯುವ ಕೈಟೋಸಾನ್ ಅನ್ನು ಸ್ಟ್ರಾಬೆರಿಗೆ ಲೇಪಿಸಿದರು. ಲೇಪ ಶಿಲೀಂಧ್ರವನ್ನು ತಡೆಯುವುದರ ಜೊತೆಗೆ ಹಣ್ಣಿನ ರಕ್ಷಣಾ ಕಿಣ್ವಗಳನ್ನೂ ಚುರುಕುಗೊಳಿಸಬಲ್ಲದು. ಸುಮಾರು 52 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಮಾವನ್ನು ಕೆಲವು ನಿಮಿಷ ಅದ್ದಿದರೂ ಚಿಬ್ಬು ರೋಗ ತಗ್ಗುತ್ತದೆ.

ಮಾವಿನ ಸೊನೆಗೆ ಎರಡು ಮುಖ. 1950ರಲ್ಲಿ ಆರಂಭವಾದ ಮೈಸೂರಿನ ಸಿ.ಎಫ್.ಟಿ.ಆರ್.ಐ. ಅದನ್ನೂ ಅಧ್ಯಯನ ಮಾಡಿದೆ. ಸಿಪ್ಪೆಯ ಮೇಲೆ ಸುರಿದರೆ ಸೊನೆ ಸುಡುತ್ತದೆ. ಕಾಯಿಯೊಳಗೆ ಉಳಿದರೆ ಅದರಲ್ಲಿನ ರೆಸಾರ್ಸಿನಾಲ್‌ಗಳು ಶಿಲೀಂಧ್ರಕ್ಕೆ ಅಡ್ಡಿ. ಕಾಯಿಯನ್ನು ಕೆಡವದೆ, ತೊಟ್ಟು ಉಳಿಸಿ ಕೊಯ್ಯಬೇಕೆಂಬ ಮಾತಿಗೆ ಇಲ್ಲಿ ವಿಜ್ಞಾನದ ಆಧಾರವಿದೆ.

ಈ ಉಪಾಯಗಳು ಕೊಳೆಯನ್ನು ಪೂರ್ತಿ ನಿಲ್ಲಿಸವು. ಫಲಿತಾಂಶ ತಳಿ, ಹವೆಗೆ ತಕ್ಕಂತೆ ಬದಲಾಗುತ್ತದೆ. ಆದರೆ ಔಷಧಿಯ ಶೇಷ ತಿನ್ನುವವನ ಹೊಟ್ಟೆ ಸೇರುತ್ತದೆ, ಶಿಲೀಂಧ್ರವೂ ಅದಕ್ಕೆ ಒಗ್ಗಿಕೊಳ್ಳುತ್ತದೆ. ಹಣ್ಣಿನ ಸ್ವಂತ ಬಲದಿಂದ ಸಿಗುವ ನಾಲ್ಕು ದಿನದ ಬಾಳಿಕೆಯೂ ಬೆಳೆಗಾರನಿಗೆ ಲಾಭವೇ.