ಎಂಟೆತ್ತಿನ ರಂಟಿಯಿಂದ ಐವತ್ತು ಎಚ್.ಪಿ.ವರೆಗೆ



ರಜತ ಮಹೋತ್ಸವದ ಸ್ಮರಣ ಸಂಚಿಕೆಗೆ "ತಮ್ಮಾ, ನೀನೂ ಒಂದ ಏನರ ಬರಿ" ಎಂದು ನಮ್ಮ ಅಧ್ಯಕ್ಷರು ಹೇಳಿದಾಗ ಎರಡು ಸಲ ಒಲ್ಲೆ ಅಂದೆ. ನಾನು ಓದಿದ್ದು ಎಸ್.ಎಸ್.ಎಲ್.ಸಿ. ತನಕ, ಬರೆದದ್ದು ಹೆಚ್ಚೆಂದರೆ ಸಂಘದ ಠರಾವು ಪುಸ್ತಕದಲ್ಲಿ. ಆದರೂ ಒಪ್ಪಿಕೊಂಡೆ, ಅದಕ್ಕೆ ಒಂದು ಕಾರಣವಿದೆ. ಈ ಸಲದ ಸರ್ವ ಸಾಧಾರಣ ಸಭೆಯ ಮುಂದೆ ಒಂದು ದೊಡ್ಡ ವಿಷಯ ಬರಲಿದೆ. 2008ರಲ್ಲಿ ಸಂಘ ಕೊಂಡ 35 ಎಚ್.ಪಿ. ಟ್ರ್ಯಾಕ್ಟರನ್ನು ಕೊಟ್ಟು ಅದಕ್ಕಿಂತ ದೊಡ್ಡದನ್ನು ತರುವುದೋ ಬೇಡವೋ, ತಂದರೆ ಎಷ್ಟು ದೊಡ್ಡದು ಎಂಬ ವಿಷಯ. ಆಡಳಿತ ಮಂಡಳಿಯಲ್ಲಿ ಒಮ್ಮತ ಆಗಿಲ್ಲ. ಕೈ ಎತ್ತುವ ಮೊದಲು ಈ ಯಂತ್ರ ಎಲ್ಲಿಂದ ಬಂತು, ಹೇಗೆ ಬೆಳೆಯಿತು ಎಂಬುದು ಎಲ್ಲರಿಗೂ ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ತಪ್ಪಿದ್ದರೆ ಹಿರಿಯರು ಮನ್ನಿಸಬೇಕು.

ನಮ್ಮದು ಎರಿ ಭೂಮಿ. ಹಸಿ ಇದ್ದಾಗ ಕಾಲು ಎಳೆಯುತ್ತದೆ, ಒಣಗಿದರೆ ಗುದ್ದಲಿ ಹಿಡಿಸುವುದಿಲ್ಲ. ಇಂಥ ಹೊಲದಾಗ ಕರಿಕಿ ಬಿತ್ತೆಂದರೆ ಮೇಲೆ ಹರಗಿ ಉಪಯೋಗವಿಲ್ಲ, ಬುಡಕ್ಕೆ ಹೋಗಿ ಕೀಳಬೇಕು. ನಮ್ಮ ಅಜ್ಜನ ಕಾಲದಲ್ಲಿ ಅದಕ್ಕೆ ನಾಲ್ಕು ಜೋಡಿ ಎತ್ತು ಹೂಡುತ್ತಿದ್ದರು. ಎಂಟು ಎತ್ತು ಒಬ್ಬರ ಮನೆಯಲ್ಲಿ ಎಲ್ಲಿ ಇರಬೇಕು? ನಾಲ್ಕು ಮನೆಯವರು ಮುಯ್ಯಿ ಮೇಲೆ ಕೂಡುತ್ತಿದ್ದರು, ಇವತ್ತು ನಿಮ್ಮ ಹೊಲ, ನಾಳೆ ನಮ್ಮದು. ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದನ್ನು ಎಲ್ಲರೂ ಹೆಮ್ಮೆಯಿಂದ ಹೇಳುತ್ತೇವೆ. ಅದಕ್ಕೂ ಮೊದಲಿನಿಂದ ಈ ಎತ್ತಿನ ಮುಯ್ಯಿ ನಡೆದಿತ್ತು, ರಜಿಸ್ಟರ್ ಆಗಿರಲಿಲ್ಲ ಅಷ್ಟೆ.

ಆಗ ಹೂಡುತ್ತಿದ್ದದ್ದು ಕಟ್ಟಿಗೆಯ ರಂಟಿ. ಕಬ್ಬಿಣದ ನೇಗಿಲು ಬಂದ ಕಥೆ ನಮ್ಮ ಬೆಳಗಾವಿಯದೇ. ಲಕ್ಷ್ಮಣರಾವ್ ಕಿರ್ಲೋಸ್ಕರರು ಅಲ್ಲಿ ಸೈಕಲ್ ಅಂಗಡಿ ಇಟ್ಟುಕೊಂಡಿದ್ದರು. 1903ರಲ್ಲಿ ಕಬ್ಬಿಣದ ನೇಗಿಲು ತಯಾರಿಸಿದರು. ಕೊಳ್ಳುವವರು ಸಿಗಲು ಸುಮಾರು ಎರಡು ವರ್ಷ ಹಿಡಿಯಿತು. ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರುತ್ತದೆ ಎಂದು ರೈತರು ಹೆದರಿದ್ದರು. 1910ರಲ್ಲಿ ಅವರು ಬೆಳಗಾವಿ ಬಿಟ್ಟು ಔಂಧ್ ಸಂಸ್ಥಾನದ ಬಯಲಿಗೆ ಹೋಗಿ ಕಾರ್ಖಾನೆ ಕಟ್ಟಿದರು, ಅದೇ ಕಿರ್ಲೋಸ್ಕರವಾಡಿ. ಆ ಹಳೇ ರೈತರನ್ನು ನಾವು ನಗಬಾರದು. ಗೊತ್ತಿಲ್ಲದ್ದಕ್ಕೆ ರೊಕ್ಕ ಹಾಕುವ ಮೊದಲು ಎರಡು ವರ್ಷ ನೋಡಿದರು. ನಾನು ಎರಡು ದಿನವೂ ನೋಡಲಿಲ್ಲ, ಆ ಕಥೆ ಮುಂದೆ ಬರುತ್ತದೆ.

ಈಗ ಟ್ರ್ಯಾಕ್ಟರಿನ ಹುಟ್ಟಿಗೆ ಬರೋಣ. ಅಮೆರಿಕಾದ ಅಯೋವಾ ರಾಜ್ಯದಲ್ಲಿ ಜಾನ್ ಫ್ರೋಲಿಕ್ ಎಂಬವನು 1892ರಲ್ಲಿ ಪೆಟ್ರೋಲ್ ಎಂಜಿನ್ನಿನಿಂದ ಹಿಂದೆ ಮುಂದೆ ಓಡುವ ಯಂತ್ರ ಮಾಡಿದ. ಮೊದಮೊದಲು ಬಂದವು ಆನೆಯಂಥ ಯಂತ್ರಗಳು, ದೊಡ್ಡ ದೊಡ್ಡ ಹೊಲದವರಿಗೆ ಮಾತ್ರ. 1917ರಲ್ಲಿ ಹೆನ್ರಿ ಫೋರ್ಡ್ ಸಣ್ಣ, ಅಗ್ಗದ ಫೋರ್ಡ್‌ಸನ್ ತೆಗೆದ. 1928ರ ತನಕ ಏಳು ಲಕ್ಷಕ್ಕೂ ಹೆಚ್ಚು ತಯಾರಾದವು. ಆದರೆ ಅದಕ್ಕೊಂದು ಕೆಟ್ಟ ಚಟವಿತ್ತು. ನೇಗಿಲು ಕಲ್ಲಿಗೋ ಬೇರಿಗೋ ಸಿಕ್ಕರೆ ಮುಂದಿನ ಗಾಲಿ ಮೇಲೆದ್ದು ಹಿಂದಕ್ಕೆ ಮಗಚಿ ಬೀಳುತ್ತಿತ್ತು. ಕೂತವನ ಗತಿ ಹೇಳಬೇಕಿಲ್ಲ.

ಈ ರೋಗಕ್ಕೆ ಔಷಧ ಕಂಡುಹಿಡಿದವನು ಐರ್ಲೆಂಡಿನ ರೈತನ ಮಗ ಹ್ಯಾರಿ ಫರ್ಗ್ಯೂಸನ್. ನೇಗಿಲನ್ನು ಹಗ್ಗ ಕಟ್ಟಿ ಎಳೆದಂತೆ ಹಿಂದೆ ಎಳೆಯದೆ, ಮೂರು ಕಡೆ ಜೋಡಿಸಿ ಟ್ರ್ಯಾಕ್ಟರಿನ ಮೈಗೇ ಹಚ್ಚಿದ. ಅದನ್ನು ಎಣ್ಣೆಯ ಒತ್ತಡದಿಂದ ಎತ್ತುವ ಇಳಿಸುವ ಏರ್ಪಾಡು ಮಾಡಿದ. ನಾವು ಇವತ್ತು 'ಲಿಫ್ಟ್' ಅನ್ನುತ್ತೇವಲ್ಲ, ಅದೇ. ಇದರಿಂದ ಏನಾಯಿತೆಂದರೆ ನೇಗಿಲಿನ ಭಾರ, ಮಣ್ಣಿನ ಜಗ್ಗಾಟ ಎರಡೂ ಹಿಂದಿನ ಗಾಲಿಗಳ ಮೇಲೆ ಒತ್ತಿ ಹಿಡಿತ ಹೆಚ್ಚಾಯಿತು, ಮಗಚುವುದೂ ಕಡಿಮೆಯಾಯಿತು. 1938ರಲ್ಲಿ ಅವನೂ ಫೋರ್ಡನೂ ಬರೇ ಕೈ ಕುಲುಕಿ ಒಪ್ಪಂದ ಮಾಡಿಕೊಂಡರು, ಕಾಗದಪತ್ರ ಇಲ್ಲ. ಮುಂದೆ ಫೋರ್ಡನ ಮೊಮ್ಮಗ ಆ ಒಪ್ಪಂದ ಮುರಿದ. ಕೋರ್ಟಿಗೆ ಹೋದದ್ದು 1952ರಲ್ಲಿ ಮುಗಿಯಿತು. (ಸಂಘದ ಸಾಲಕ್ಕೆ ಜಾಮೀನು, ಸಹಿ ಯಾಕೆ ಬೇಕು ಎಂದು ಜಗಳ ತೆಗೆಯುವವರು ಇದನ್ನು ಇನ್ನೊಮ್ಮೆ ಓದಬೇಕು.) ಇಷ್ಟರಲ್ಲಿ ಫರ್ಗ್ಯೂಸನ್ ತನ್ನದೇ ಸಣ್ಣ ಟಿ.ಇ. 20 ಟ್ರ್ಯಾಕ್ಟರನ್ನು 1946ರಿಂದ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಮಾಡಿಸಿದ. 1956ರ ತನಕ ಐದು ಲಕ್ಷಕ್ಕೂ ಮೇಲೆ ತಯಾರಾದವು. ಅದು ಇಪ್ಪತ್ತು ಎಚ್.ಪಿ. ಲೆಕ್ಕದ್ದು! ಎಚ್.ಪಿ. ಕಡಿಮೆ ಇದ್ದರೂ ಭಾರ ಎಲ್ಲಿ ಬೀಳಬೇಕೋ ಅಲ್ಲಿ ಬಿದ್ದರೆ ಕೆಲಸ ಆಗುತ್ತದೆ ಎಂದು ಲೋಕಕ್ಕೆ ತೋರಿಸಿದ ಗಾಡಿ ಅದು.

ಇನ್ನೊಂದು ಅಮೆರಿಕಾ ಕಥೆ ಹೇಳಲೇಬೇಕು, ನನಗೆ ಬಹಳ ಹಿಡಿಸಿದ್ದು. ನೆಬ್ರಾಸ್ಕಾ ರಾಜ್ಯದ ವಿಲ್ಮಟ್ ಕ್ರೋಜಿಯರ್ ಎಂಬ ರೈತ 'ಫೋರ್ಡ್' ಎಂಬ ಹೆಸರು ನೋಡಿ ಒಂದು ಟ್ರ್ಯಾಕ್ಟರ್ ಕೊಂಡ. ಅದಕ್ಕೂ ಹೆನ್ರಿ ಫೋರ್ಡನಿಗೂ ಸಂಬಂಧವೇ ಇರಲಿಲ್ಲ, ಮಿನಿಯಾಪೊಲಿಸಿನ ಒಂದು ಕಂಪನಿ ಹೆಸರು ಇಟ್ಟುಕೊಂಡಿತ್ತು. ಹೇಳಿದ ಕೆಲಸ ಅದು ಮಾಡಲಿಲ್ಲ. ಎರಡನೇ ಕಂಪನಿಯದೂ ಕೈ ಕೊಟ್ಟಿತು. ಮೂರನೆಯದು, ರೂಮ್ಲಿ ಎಂಬುದು, ಹೇಳಿದ್ದಕ್ಕಿಂತ ಹೆಚ್ಚೇ ಎಳೆಯಿತು. ಮುಂದೆ ಆ ರೈತ ಶಾಸಕನಾದ. 1919ರಲ್ಲಿ ಕಾನೂನು ಮಾಡಿಸಿದ. ಕಂಪನಿಯವರು ಹೇಳುವ ಎಚ್.ಪಿ.ಯನ್ನು ವಿಶ್ವವಿದ್ಯಾಲಯದವರು ಪರೀಕ್ಷೆ ಮಾಡಿ ಸರಿ ಎನ್ನಬೇಕು, ಆಮೇಲೆ ಮಾರಬೇಕು ಎಂದು. 1920ರಿಂದ ಪರೀಕ್ಷೆ ಶುರುವಾಯಿತು. ನಮ್ಮ ದೇಶದಲ್ಲೂ ಮಧ್ಯಪ್ರದೇಶದ ಬುದ್ನಿಯಲ್ಲಿ 1955ರಲ್ಲಿ ಟ್ರ್ಯಾಕ್ಟರ್ ತರಬೇತಿ, ಪರೀಕ್ಷೆಯ ಕೇಂದ್ರ ಸ್ಥಾಪನೆಯಾಗಿದೆ. ನಮಗೆ ಹತ್ತಿರ ಎಂದರೆ ಬಳ್ಳಾರಿ ದಾಟಿ ಅನಂತಪುರದ ಹತ್ತಿರ ಗಾರ್ಲದಿನ್ನೆಯಲ್ಲೂ ಇಂಥ ಕೇಂದ್ರ ಸಂಸ್ಥೆ ಇದೆ. ಗಾರ್ಲದಿನ್ನೆಯ ಹೆಸರು ನನಗೆ ಗೊತ್ತಾದದ್ದು ಕೈ ಸುಟ್ಟುಕೊಂಡ ಮೇಲೆ.

ಸ್ವಾತಂತ್ರ್ಯ ಬಂದ ಹೊಸದರಲ್ಲಿ ನಮ್ಮ ದೇಶದಲ್ಲಿ ಟ್ರ್ಯಾಕ್ಟರ್ ಅಂದರೆ ಸರಕಾರದ ಯಂತ್ರ. ಮಧ್ಯ ಭಾರತದಲ್ಲಿ ಕಾನ್ಸ್ ಎಂಬ ಹುಲ್ಲು ಲಕ್ಷಾಂತರ ಎಕರೆ ಹೊಲ ನುಂಗಿತ್ತು, ನಮ್ಮ ಕರಿಕಿಯ ದೊಡ್ಡಣ್ಣ ಅನ್ನಿ. ಯುದ್ಧ ಮುಗಿಸಿ ಅಮೆರಿಕಾ ಸೈನ್ಯ ಬಿಟ್ಟುಹೋದ ಚೈನಿನ ಟ್ರ್ಯಾಕ್ಟರುಗಳನ್ನು ಹಿಡಿದು ಕೇಂದ್ರ ಟ್ರ್ಯಾಕ್ಟರ್ ಸಂಘಟನೆಯವರು ಆ ಹುಲ್ಲು ಕೀಳತೊಡಗಿದರು. 1949ರಲ್ಲಿ ವಿಶ್ವ ಬ್ಯಾಂಕ್ ನಮ್ಮ ದೇಶಕ್ಕೆ ಕೊಟ್ಟ ಎರಡನೇ ಸಾಲ ಒಂದು ಕೋಟಿ ಡಾಲರ್, ಈ ಕೆಲಸದ ಯಂತ್ರಗಳಿಗಾಗಿಯೇ. ಅಂದರೆ ಟ್ರ್ಯಾಕ್ಟರಿಗೆ ಸಾಲ ಮಾಡುವುದು ನಮ್ಮಿಂದ ಶುರುವಾದದ್ದಲ್ಲ!

ಇಲ್ಲೇ ತಯಾರಾದ ಮೊದಲ ಟ್ರ್ಯಾಕ್ಟರ್ 1959ರಲ್ಲಿ ಫರೀದಾಬಾದಿನ ಐಷರ್ ಕಾರ್ಖಾನೆಯಿಂದ ಹೊರಬಂತು. ಮದ್ರಾಸಿನ ಟಾಫೆ, ಮುಂದೆ 1963ರಲ್ಲಿ ಮಹೀಂದ್ರದವರು ಅಮೆರಿಕಾದವರ ಜೊತೆ ಕೂಡಿ ಕಟ್ಟಿದ ಕಂಪನಿ, ಹೀಗೆ ಒಂದೊಂದಾಗಿ ಬಂದವು. 1961–62ರಲ್ಲಿ ಇಡೀ ದೇಶದಲ್ಲಿ ತಯಾರಾದದ್ದು 880 ಟ್ರ್ಯಾಕ್ಟರ್. 2022–23ರಲ್ಲಿ ದೇಶದೊಳಗೆ ಮಾರಾಟವಾದದ್ದು ಒಂಬತ್ತು ಲಕ್ಷಕ್ಕೂ ಮೇಲೆ. ನಮ್ಮ ಬೆಂಗಳೂರಿನ ಎಚ್.ಎಂ.ಟಿ. ಕೈಗಡಿಯಾರದವರು 1971ರಿಂದ ಪಿಂಜೋರಿನಲ್ಲಿ ಜೆಕೊಸ್ಲೊವಾಕಿಯಾದ ಜೀಟರ್ ಸಹಾಯದಿಂದ 25 ಎಚ್.ಪಿ. ಟ್ರ್ಯಾಕ್ಟರ್ ಮಾಡಿದರು. 2016ರಲ್ಲಿ ಆ ವಿಭಾಗ ಮುಚ್ಚಲು ಕೇಂದ್ರ ಸರಕಾರ ತೀರ್ಮಾನಿಸಿತು. ಪೂರ್ತಿ ನಮ್ಮ ಎಂಜಿನಿಯರುಗಳ ತಲೆಯಿಂದ ಬಂದದ್ದು ಪಂಜಾಬಿನ ಸ್ವರಾಜ್ 724, 1974ರಲ್ಲಿ. ಅದೂ 26 ಎಚ್.ಪಿ. ಆಸುಪಾಸಿನದು. ಇಪ್ಪತ್ತೈದರಿಂದ ಮೂವತ್ತೈದು, ಇದೇ ಬಹಳ ವರ್ಷ ನಮ್ಮ ರೈತರ ಅಳತೆಯಾಗಿತ್ತು. ಈಗ 41ರಿಂದ 50 ಎಚ್.ಪಿ. ಗಾಡಿಗಳೇ ಎಲ್ಲಕ್ಕಿಂತ ಹೆಚ್ಚು ಹೋಗುತ್ತವೆ.

ನಮ್ಮೂರಿಗೆ ಮೊದಲ ಟ್ರ್ಯಾಕ್ಟರ್ ಬಂದದ್ದು 1987ರಲ್ಲಿ, ನಾನು ಮೂರನೇ ಇಯತ್ತೆ. ಅಗಸಿಯಿಂದ ಗುಡಿ ತನಕ ಡೊಳ್ಳು ಬಾರಿಸಿ ಕರೆತಂದರು. ಮಾಸ್ತರರು ಸಾಲಿ ಬಿಟ್ಟರು. ಬಾಡಿಗೆ ತಾಸಿನ ಲೆಕ್ಕ ಎಂದಾಗ ಹಿರಿಯರಿಗೆ ಸೋಜಿಗ. ಎತ್ತಿಗೆ ಯಾರು ತಾಸು ಎಣಿಸಿದ್ದರು? ಐದಾರು ವರ್ಷದಲ್ಲಿ ನಾಲ್ಕು ಜೋಡಿಯ ಮುಯ್ಯಿ ನಿಂತಿತು. ಮುಂದೆ ಎತ್ತುಗಳೂ ಕಡಿಮೆಯಾದವು, ತಿಪ್ಪೆಗಳೂ ಸಣ್ಣವಾದವು. ಇದನ್ನು ದೂರು ಎಂದು ಬರೆಯುತ್ತಿಲ್ಲ, ಆದದ್ದನ್ನು ಬರೆದೆ.

ಈಗ ನನ್ನ ಕಥೆ. ನನಗೆ ಇರುವುದು ಹನ್ನೊಂದು ಎಕರೆ, ಮೂರು ಕಡೆ. ಹಳೇ 35 ಎಚ್.ಪಿ. ಟ್ರ್ಯಾಕ್ಟರ್ ಚೆನ್ನಾಗಿಯೇ ಇತ್ತು. 2017ರಲ್ಲಿ ಪಕ್ಕದೂರಿನ ಗೆಳೆಯನ ದೊಡ್ಡ ಗಾಡಿ ನೋಡಿ ನನಗೂ ಆಸೆ ಹುಟ್ಟಿತು. ಅಪ್ಪ ಒಂದೇ ಮಾತು ಅಂದ, "ದೊಡ್ಡ ಎತ್ತು ಕಟ್ಟಿದ್ರ ಗ್ವಾದಲಿನೂ ದೊಡ್ಡದ ಬೇಕಾಗತೈತಿ, ನೋಡಪಾ." ನಾನು ಕೇಳಲಿಲ್ಲ. ಮಾರುವವನು ತಾಸಿಗೆ ಇಷ್ಟೇ ಡೀಸೆಲ್ ಎಂದ, ಬಾಡಿಗೆಯಲ್ಲೇ ಕಂತು ತೀರುತ್ತದೆ ಎಂದ. ಹಳೆಯದನ್ನು ಕೊಟ್ಟು, ಮನೆಯವರ ಬಂಗಾರ ಗಿರವಿ ಇಟ್ಟು, ಉಳಿದದ್ದಕ್ಕೆ ಸಾಲ ಮಾಡಿ 55 ಎಚ್.ಪಿ. ತಂದೆ. ಪರೀಕ್ಷಾ ವರದಿ ಎಂಬ ಕಾಗದ ಇರುತ್ತದೆ ಎಂದೇ ನನಗೆ ಗೊತ್ತಿರಲಿಲ್ಲ.

ಗಾಡಿ ಕೆಟ್ಟದ್ದಾಗಿರಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ನೇಗಿಲು ಹೊಡೆಯುವಾಗ ನೋಡಲು ಚೆಂದ. ಆದರೆ ನಮ್ಮ ಎರಡು ಎಕರೆ ಪಟ್ಟಿಯಲ್ಲಿ ತಿರುಗಿಸುವಾಗ ಪಕ್ಕದವರ ಒಡ್ಡು ಒಡೆಯಿತು, ಒಂದಲ್ಲ ಮೂರು ಸಲ, ಅವರು ನಮ್ಮ ಕಾಕಾನ ಮಕ್ಕಳೇ. ಬಂಡಿದಾರಿಯಲ್ಲಿ ಎದುರು ಒಂದು ಚಕ್ಕಡಿ ಬಂದರೆ ಯಾರಾದರೂ ಹಿಂದೆ ಸರಿಯಬೇಕು. ಬಾಡಿಗೆಗೆ ಕರೆಯುವವರು ಹಳೇ ರೇಟೇ ಕೊಟ್ಟರು, ಡೀಸೆಲ್ ಮಾತ್ರ ಮಾರುವವನು ಹೇಳಿದ್ದಕ್ಕಿಂತ ಬಹಳ ಹೆಚ್ಚು ಕುಡಿಯಿತು. ಇನ್ನೂ ಕೆಟ್ಟದ್ದೆಂದರೆ 2019ರ ಮಳೆಯಲ್ಲಿ ಅವಸರ ಮಾಡಿ ಹಸಿ ನೆಲದಲ್ಲಿ ಇಳಿಸಿದೆ. ಆ ಭಾರಕ್ಕೆ ಗಾಲಿ ಹೋದಲ್ಲೆಲ್ಲ ಕೆಳಗೆ ಗಟ್ಟಿ ಪದರ ಕೂತಿತು. ಎರಡು ಹಿಂಗಾರಿ ಆ ಸಾಲುಗಳಲ್ಲಿ ಕಡಲಿ ಗಿಡ ಗೇಣು ಮೇಲೆ ಏಳಲಿಲ್ಲ. 2020ರಲ್ಲಿ ನಷ್ಟಕ್ಕೆ ಮಾರಿದೆ. ಬಂಗಾರ ಬಿಡಿಸಿದ್ದು ಮೊನ್ನೆ ಮೊನ್ನೆ.

ಹಾಗಾದರೆ ದೊಡ್ಡ ಟ್ರ್ಯಾಕ್ಟರ್ ಬೇಡವೇ ಬೇಡ ಎನ್ನುತ್ತೀಯಾ ಎಂದು ಕೇಳಬಹುದು. ಹಾಗೆ ಹೇಳಿದರೆ ತಪ್ಪಾಗುತ್ತದೆ. ನನ್ನ ಹನ್ನೊಂದು ಎಕರೆಯ ಲೆಕ್ಕ ಬೇರೆ, ಸಂಘದ ಲೆಕ್ಕ ಬೇರೆ. ಹೆಸರು ಕಿತ್ತ ಮೇಲೆ ಬಿಳಿಜೋಳ, ಕಡಲಿ ಬಿತ್ತುವುದರೊಳಗೆ ನಮಗೆ ಸಿಗುವ ಹದದ ದಿನಗಳು ಬಹಳ ಕಡಿಮೆ. ಆ ದಿನಗಳಲ್ಲಿ ಸಂಘದ ಟ್ರ್ಯಾಕ್ಟರಿಗೆ ಪಾಳಿ ಹಚ್ಚಿ ಕೂತವರ ಮುಖ ನಾನು ನೋಡಿದ್ದೇನೆ. ಪಾಳಿ ಬರುವಷ್ಟರಲ್ಲಿ ಹದ ಹೋಗಿರುತ್ತದೆ, ಹೋಗುವುದು ಹೆಚ್ಚಾಗಿ ಎರಡೆಕರೆಯವರದೇ. ದೊಡ್ಡ ಹೊಲದವರ ಮನೆಯಲ್ಲಿ ಸ್ವಂತದ್ದು ಇದೆ. ರೋಟವೇಟರಿಗೆ 35 ಎಚ್.ಪಿ. ಸಾಲದೆ ಏದುಸಿರು ಬಿಡುವುದೂ ಸುಳ್ಳಲ್ಲ. ಅದು ತಿರುಗುವುದು ಹಿಂದಿನ ಪಿ.ಟಿ.ಓ. ಶಾಫ್ಟಿನ ಶಕ್ತಿಯಿಂದ, ನಿಮಿಷಕ್ಕೆ 540 ಸುತ್ತು. ಎಂಜಿನ್ನಿನ ಎಚ್.ಪಿ. ಪೂರ್ತಿ ಅಲ್ಲಿಗೆ ಬರುವುದಿಲ್ಲ, ನೇಗಿಲು ಎಳೆಯುವ ಕೊಂಡಿಗೆ ಇನ್ನೂ ಕಡಿಮೆ ಬರುತ್ತದೆ. ಬಾನೆಟ್ ಮೇಲೆ ಬರೆದ ಅಂಕಿ ನೋಡಿ ನಾನು ಮೋಸಹೋದದ್ದು ಇಲ್ಲೇ.

ಇನ್ನೊಂದು ವಿಷಯ ಸಭೆಯವರ ಗಮನಕ್ಕೆ ತರಬೇಕು. 2023ರ ಜನವರಿ 1ರಿಂದ 50 ಎಚ್.ಪಿ. ಮೀರಿದ ಟ್ರ್ಯಾಕ್ಟರುಗಳಿಗೆ ಹೊಗೆಯ ಕಟ್ಟುನಿಟ್ಟು ನಿಯಮ ಬಂದಿದೆ. ಅವುಗಳ ಡೀಸೆಲ್ ಪಂಪು, ಇಂಜೆಕ್ಟರ್ ನಡೆಸುವುದು ಎಲೆಕ್ಟ್ರಾನಿಕ್ ವ್ಯವಸ್ಥೆ. ನಮ್ಮ ಅಗಸಿ ಮುಂದಿನ ಮೇಸ್ತ್ರಿಗೆ ಪಾನಾ ಹಿಡಿದು ಅದು ಆಗುವ ಕೆಲಸವಲ್ಲ. ಬಿತ್ತಿಗೆ ಹೊತ್ತಿನಲ್ಲಿ ನಿಂತರೆ ಪ್ಯಾಟಿಯಿಂದ ಕಂಪ್ಯೂಟರ್ ಹಿಡಿದು ಬರುವವರೆಗೆ ಕಾಯಬೇಕು. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಮೇಲಿನ ಜಿ.ಎಸ್.ಟಿ. ನೂರಕ್ಕೆ 12ರಿಂದ 5ಕ್ಕೆ ಇಳಿದಿದೆ, ಅದಕ್ಕೇ ಈಗಲೇ ತರೋಣ ಎಂಬ ಅವಸರ ಕೆಲವರದು. ತೆರಿಗೆ ಇಳಿದದ್ದು ಎಲ್ಲ ಅಳತೆಯ ಗಾಡಿಗೂ, ದೊಡ್ಡದಕ್ಕೆ ಮಾತ್ರವಲ್ಲ.

ಮಂಡಳಿಯಲ್ಲಿ ನಾನು ಹೇಳಿದ್ದು ಇಷ್ಟು. 45ರ ಆಸುಪಾಸಿನದು ಒಂದು ತರೋಣ, 50ರ ಗೆರೆ ದಾಟುವುದು ಬೇಡ. ಹಳೆಯ 35ನ್ನು ಕೊಡದೆ ಸಣ್ಣ ಪಟ್ಟಿಗಳಿಗೆ, ಹರಗುವುದಕ್ಕೆ ಇಟ್ಟುಕೊಳ್ಳೋಣ, ಅದಕ್ಕೆ ಬರುವ ಬದಲಿ ಬೆಲೆಯೂ ಬಹಳವಿಲ್ಲ. ನೆಲ ಹಸಿ ಇದ್ದಾಗ ಯಾರು ಕೇಳಿದರೂ, ನಿರ್ದೇಶಕರೇ ಕೇಳಿದರೂ, ಹೊಲಕ್ಕೆ ಇಳಿಸಬಾರದು ಎಂದು ಠರಾವಿನಲ್ಲಿ ಬರೆಯೋಣ. ಹಿರಿಯ ನಿರ್ದೇಶಕರೊಬ್ಬರು 55ರದ್ದೇ ಆಗಬೇಕು, ಕಬ್ಬಿನ ಟ್ರೈಲರ್ ಬಾಡಿಗೆಯೂ ಸಿಗುತ್ತದೆ ಎನ್ನುತ್ತಾರೆ. ಅವರ ಮಾತಿನಲ್ಲೂ ಹುರುಳಿದೆ, ಕಾರ್ಖಾನೆಯ ಹಂಗಾಮಿನಲ್ಲಿ ಆ ಬಾಡಿಗೆ ದೊಡ್ಡದೇ. ಆದರೆ ಗಾಡಿ ಕಬ್ಬು ಹೇರುತ್ತ ಕಾರ್ಖಾನೆ ಮುಂದೆ ಪಾಳಿಯಲ್ಲಿ ನಿಂತರೆ ಇಲ್ಲಿ ಎರಡೆಕರೆಯವನ ಹೊಲಕ್ಕೆ ಯಾರು ಹೋಗಬೇಕು ಎಂಬುದಕ್ಕೆ ಇನ್ನೂ ಉತ್ತರ ಬಂದಿಲ್ಲ.

ಮೂರು ಮಾದರಿಗಳ ಪರೀಕ್ಷಾ ವರದಿಗಳನ್ನು ತರಿಸಿ ಸಂಘದ ಕಚೇರಿಯಲ್ಲಿ ಇಟ್ಟಿದ್ದೇವೆ. ಪಿ.ಟಿ.ಓ. ಶಕ್ತಿ ಎಷ್ಟು, ಎಳೆಯುವ ಬಲ ಎಷ್ಟು, ತಾಸಿಗೆ ಡೀಸೆಲ್ ಎಷ್ಟು, ತಿರುಗಲು ಜಾಗ ಎಷ್ಟು ಬೇಕು, ಎಲ್ಲ ಅದರಲ್ಲಿ ಇದೆ. ಇಂಗ್ಲಿಷಿನಲ್ಲಿ ಇರುವುದರಿಂದ ಕೆಲವರಿಗೆ ತೊಡಕಾಗಬಹುದು. ಸಭೆಯ ತನಕ ದಿನಾ ಸಂಜೆ ಆರರ ಮೇಲೆ ನಾನು ಕಚೇರಿಯಲ್ಲೇ ಇರುತ್ತೇನೆ, ಬಂದವರಿಗೆ ಓದಿ ಹೇಳುತ್ತೇನೆ. ಸಂತೆಯ ದಿನ ಮಾತ್ರ ಇರುವುದಿಲ್ಲ.