ಇಂಗ್ಲಿಷಿಗೆ ದಾಟಿದ ಲೇಖಕಿಯರ ಕಥನ: ಜರ್ಮನ್ ಮತ್ತು ಕನ್ನಡ

2024ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯು ಜರ್ಮನ್ ಲೇಖಕಿ ಜೆನ್ನಿ ಎರ್ಪೆನ್‌ಬೆಕ್ ಅವರ ‘ಕೈರೋಸ್’ ಕಾದಂಬರಿಗೂ ಅದರ ಅನುವಾದಕ ಮೈಕೆಲ್ ಹಾಫ್‌ಮನ್ ಅವರಿಗೂ ಸಂದಿತು. ಮರುವರ್ಷ, 2025ರ ಮೇ 20ರಂದು, ಅದೇ ಪ್ರಶಸ್ತಿಯನ್ನು ಹಾಸನದ ಬಾನು ಮುಷ್ತಾಕ್ ಅವರೂ, ಅವರ ಹನ್ನೆರಡು ಕಥೆಗಳನ್ನು ‘ಹಾರ್ಟ್ ಲ್ಯಾಂಪ್’ ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ತಂದ ದೀಪಾ ಭಾಸ್ತಿ ಅವರೂ ಸಮನಾಗಿ ಹಂಚಿಕೊಂಡರು. ಒಂದರ ಬೆನ್ನಿಗೇ ಇನ್ನೊಂದು ಬಂದ ಈ ಗೌರವಗಳನ್ನು ಒಂದೇ ಬಗೆಯ ಯಶಸ್ಸೆಂದು ಎಣಿಸುವುದು ಸುಲಭ. ಆದರೆ ಇವುಗಳ ಹಿಂದಿನ ಚರಿತ್ರೆಗಳು ಬೇರೆ ಬೇರೆ.

ಎರ್ಪೆನ್‌ಬೆಕ್ ಅವರ ಕಥನವನ್ನು ಸೂಸನ್ ಬರ್ನೋಫ್‌ಸ್ಕಿ 2005ರಿಂದಲೇ ಒಂದಾದಮೇಲೊಂದರಂತೆ ಇಂಗ್ಲಿಷಿಗೆ ತಂದಿದ್ದರು. ‘ಕೈರೋಸ್’ ಜರ್ಮನ್‌ನಲ್ಲಿ ಪ್ರಕಟವಾದುದು 2021ರಲ್ಲಿ, ಇಂಗ್ಲಿಷಿನಲ್ಲಿ 2023ರಲ್ಲಿ. ಗೋಯ್ಥೆ ಸಂಸ್ಥೆಯಂತಹವು ಅನುವಾದಕ್ಕೆ ಹಣ ಒದಗಿಸುತ್ತ ಬಂದಿರುವುದೂ ಈ ವೇಗಕ್ಕೆ ಒಂದು ಕಾರಣ. ಕನ್ನಡದಲ್ಲಿ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ 1976ರದು. ತೇಜಸ್ವಿನಿ ನಿರಂಜನ ಅವರ ಅನುವಾದವನ್ನು ದೆಹಲಿಯ ಕಾಳಿ ಫಾರ್ ವಿಮೆನ್ ಪ್ರಕಟಿಸಿದ್ದು 1989ರಲ್ಲಿ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ 1984ರದು. ವನಮಾಲಾ ವಿಶ್ವನಾಥ ಅವರ ಅನುವಾದ 2001ರದು. ಅಲ್ಲಿ ಎರಡು ವರ್ಷ, ಇಲ್ಲಿ ಹದಿಮೂರು, ಹದಿನೇಳು. ಬಾನು ಮುಷ್ತಾಕ್ ಅವರ ಮೂರು ದಶಕಗಳ ಬರವಣಿಗೆ ಒಂದೇ ಸಂಪುಟವಾಗಿ ಹೊರ ಓದುಗರನ್ನು ಮುಟ್ಟಿತೆಂಬುದೂ ಇದೇ ಮಾತನ್ನು ಹೇಳುತ್ತದೆ.

ಭಾಷೆಯ ಅಂಚಿನಲ್ಲಿ ನಿಂತು ಬರೆದವರ ಸಂಗತಿ ಇನ್ನಷ್ಟು ಕುತೂಹಲಕರ. ಹೆರ್ಟಾ ಮ್ಯುಲ್ಲರ್ 1953ರಲ್ಲಿ ಹುಟ್ಟಿದ್ದು ರುಮೇನಿಯಾದ ಬನಾಟ್ ಪ್ರದೇಶದ ಜರ್ಮನ್ ಮಾತಿನ ಹಳ್ಳಿಯೊಂದರಲ್ಲಿ. ಸುತ್ತಲಿನ ರಾಜ್ಯಭಾಷೆ ಬೇರೆಯಾಗಿದ್ದರೂ ಆಕೆ ಮನೆಮಾತಿನಲ್ಲಿಯೇ ಬರೆದರು. ಕಾಸರಗೋಡಿನ ಸಾರಾ ಅವರದು ಇದಕ್ಕೆ ತಿರುಗುಮುರುಗು: ಮನೆಮಾತು ಮಲಯಾಳಂ, ಬರೆದದ್ದು ಶಾಲೆಯಲ್ಲಿ ಕಲಿತ ಕನ್ನಡದಲ್ಲಿ. ಕಾರವಾರದಿಂದ ಕದ್ರಾ ದಾಟಿ ಘಟ್ಟವೇರಿದರೆ ಸಿಗುವ ಜೋಯಿಡಾ ತಾಲೂಕಿನ ಅಣಶಿಯ ಆಸುಪಾಸಿನಲ್ಲಿಯೂ ಸ್ಥಿತಿ ಇಂಥದೇ. ಕುಣಬಿಯರ ಮನೆಯೊಳಗೆ ಕೊಂಕಣಿ, ಶಾಲೆ ಕಚೇರಿಗಳಲ್ಲಿ ಕನ್ನಡ. ಅಲ್ಲಿನ ಹೆಣ್ಣುಮಗಳೊಬ್ಬಳ ಕಥೆ ಇಂಗ್ಲಿಷಿಗೆ ಹೋಗಬೇಕಾದರೆ ಅದಕ್ಕೂ ಮೊದಲು ಒಂದು ಅನುವಾದ ಆಕೆಯ ಮನಸ್ಸಿನಲ್ಲಿಯೇ ನಡೆದಿರಬೇಕಾಗುತ್ತದೆ. ಪ್ರಶಸ್ತಿಗಳ ಲೆಕ್ಕಕ್ಕೆ ಇಂತಹ ಅನುವಾದ ಸಿಗುವುದಿಲ್ಲ.

ದಾಟುವಾಗ ಏನು ಉಳಿಯಿತು, ಏನು ಕೈಬಿಟ್ಟಿತು ಎಂಬುದಕ್ಕೆ ಶೀರ್ಷಿಕೆಗಳೇ ಸಾಕ್ಷಿ. ‘ಫಣಿಯಮ್ಮ’ ತನ್ನ ಹೆಸರಿನೊಡನೆಯೇ ಹೋದಳು. ಸಾರಾ ಅವರ ಕಾದಂಬರಿ ಇಂಗ್ಲಿಷಿನಲ್ಲಿ ‘ಬ್ರೇಕಿಂಗ್ ಟೈಸ್’ ಆಯಿತು. ತುಳುನಾಡಿಗೂ ಮಲಯಾಳ ನಾಡಿಗೂ ನಡುವಣ ಗಡಿಯೆಂದು ಜನ ತಿಳಿದುಬಂದ ಹೊಳೆಯೊಂದು ಹೊದಿಕೆಯ ಮೇಲಿನಿಂದ ಮಾಯವಾಗಿ, ಮುರಿದ ಸಂಬಂಧವಷ್ಟೇ ಉಳಿಯಿತು. ನಾದಿರಾಳ ಬಾಳು ತಲಾಖಿನಿಂದ ಕೆಟ್ಟದ್ದು ನಿಜ. ಆದರೆ ಆಕೆ ಆ ತೀರದವಳೆಂಬುದು ಕಥೆಯ ಅರ್ಧ. ಮ್ಯುಲ್ಲರ್ ಅವರ ಕಾದಂಬರಿಗೂ ಹೀಗೆಯೇ ಆಯಿತು. 1994ರ ‘ಹೆರ್ಟ್ಸ್‌ಟೀಯರ್’ ಎಂದರೆ ‘ಎದೆಯ ಮೃಗ’. ಮುಂದೆ ‘ಕೈರೋಸ್’ ಅನುವಾದಿಸಿದ ಹಾಫ್‌ಮನ್ ಅವರೇ ಮಾಡಿದ 1996ರ ಇಂಗ್ಲಿಷ್ ಅನುವಾದ ‘ದ ಲ್ಯಾಂಡ್ ಆಫ್ ಗ್ರೀನ್ ಪ್ಲಮ್ಸ್’ ಎಂದು ಹೊರಬಂತು. 1998ರಲ್ಲಿ ಡಬ್ಲಿನ್ನಿನ ಇಂಪ್ಯಾಕ್ ಪ್ರಶಸ್ತಿಯನ್ನು ಪಡೆದದ್ದು ಈ ಹೆಸರಿನ ಪುಸ್ತಕವೇ.

‘ಎದೆಯ ಹಣತೆ’ಯ ವಿಷಯದಲ್ಲಿ ಎದೆ ಉಳಿಯಿತು, ಹಣತೆ ಮಾತ್ರ ಲ್ಯಾಂಪ್ ಆಯಿತು. ಮಣ್ಣಿನ ಹಣತೆಗೆ ಆ ಶಬ್ದ ಸಾಲದೆಂದು ಕನ್ನಡಿಗರು ಗೊಣಗಬಹುದು. ಆದರೆ ಅನುವಾದಕಿ ಒಳಗಿನ ಪುಟಗಳಲ್ಲಿ ಕನ್ನಡ, ಉರ್ದು, ಅರಬ್ಬಿ ಪದಗಳನ್ನು ಓರೆ ಅಕ್ಷರಗಳಿಲ್ಲದೆ, ಅಡಿಟಿಪ್ಪಣಿಯಿಲ್ಲದೆ ಹಾಗೆಯೇ ಬಿಟ್ಟಿರುವುದರಿಂದ, ಹೊದಿಕೆಯಲ್ಲಿ ತೆತ್ತುದನ್ನು ಪುಟಗಳಲ್ಲಿ ಮರಳಿ ಪಡೆದಂತಾಗಿದೆ.

ಜರ್ಮನ್ ಕಥನ ಕನ್ನಡಕ್ಕೆ ಬರುವುದು ಬಹುಮಟ್ಟಿಗೆ ಇಂಗ್ಲಿಷಿನ ಮೂಲಕವೇ. ಇಂಗ್ಲಿಷನ್ನಷ್ಟೇ ಬಲ್ಲ ಕನ್ನಡ ಅನುವಾದಕನ ಕೈಗೆ ಮ್ಯುಲ್ಲರ್ ಅವರ ಆ ಕಾದಂಬರಿ ಬಂದರೆ ಆತನಿಗೆ ಎದುರಾಗುವುದು ಹಸಿರು ಪ್ಲಮ್ ಹಣ್ಣುಗಳ ನಾಡು. ಎದೆಯ ಮೃಗವನ್ನು ಆತ ಬೇರೆಡೆ ಹುಡುಕಬೇಕು.